ಹಿಂದಿನಿಂದ ಕರೆದ ಹೆಸರು

ಜಿನಮತಿ ಪಾಠ ಹೇಳುತ್ತಿದ್ದದ್ದು ಮಕ್ಕಳ ಕಿವಿಗೆ. ಮಗ್ಗಿ, ಪದ್ಯ, ಹೊಳೆಗಳ ಹೆಸರು, ಋತು, ತಿಂಗಳು, ಎಲ್ಲವನ್ನೂ ಒಂದೊಂದು ಧಾಟಿಗೆ ಕೂಡಿಸಿ ಆಕೆ ಹೇಳುವಳು, ಮಕ್ಕಳು ತಿರುಗಿ ಹೇಳುವರು. ಮುಂಜಾನೆ ಆ ಖೋಲಿಯೊಳಗಿಂದ ದನಿ ಎದ್ದರೆ ಕಬ್ಬಿನ ಗಾಡಿ ಹೊಡೆದುಕೊಂಡು ಹೊರಟವರೂ ಒಂದು ಗಳಿಗೆ ಹಗ್ಗ ಜಗ್ಗಿ ಹಿಡಿಯುತ್ತಿದ್ದರು. ಆಕೆ ಬೆಳೆದದ್ದೇ ಹಾಗೆ. ಬೇಡಕಿಹಾಳದಲ್ಲಿ ಅವಳ ಅಪ್ಪ ಶ್ರೀಪಾಲಪ್ಪ ನಸುಕಿನಲ್ಲಿ ಮಿಂದು ಬಸದಿಗೆ ಹೋಗಿ ಸ್ತೋತ್ರ ಶುರುಮಾಡಿದರೆ, ಓಣಿಯ ಮನೆಗಳಲ್ಲಿ ಒಲೆ ಹಚ್ಚುವವರು ಅದರ ಮೇಲೆಯೇ ಹೊತ್ತು ಹಿಡಿಯುತ್ತಿದ್ದರು. ಅಕ್ಷರ ತಿದ್ದುವ ಮೊದಲೇ ಜಿನಮತಿಯ ಬಾಯಿಗೆ ಪದ್ಯಗಳು ಬಂದು ಕೂತಿದ್ದವು.

ಶ್ರೀಪಾಲಪ್ಪ ಮಗಳಿಗೆ ಕಲಿಸಿದ್ದು ಮನೆತನದ ಪದ್ಧತಿಯಲ್ಲಿ. ಕೂಸನ್ನು ಚಾಪೆಯ ಮೇಲೆ ಕೂಡಿಸಿ, ಕಣ್ಣು ಮುಚ್ಚಿಸಿ, ತಾವು ಅದರ ಬೆನ್ನ ಹಿಂದೆ ಕೂತು ಹೇಳುವುದು. ಹೇಳುವವರ ಮುಖ ಎದುರಿಗಿದ್ದರೆ ಮನಸ್ಸು ಮುಖಕ್ಕೆ ಅಂಟುತ್ತದೆ, ಶಬ್ದ ಸೋರಿ ಹೋಗುತ್ತದೆ ಎಂದು ಆ ಮನೆಯವರ ನಂಬಿಕೆ. ಅವರ ಅಪ್ಪನೂ ಅವರಿಗೆ ಹಾಗೆಯೇ ಕಲಿಸಿದ್ದ.

ಎಂಬತ್ತಾರನೆಯ ಇಸವಿಯಲ್ಲಿ ಜಿನಮತಿಗೆ ವರ್ಗವಾದ ಊರು ನಿಪ್ಪಾಣಿ ದಾಟಿ, ಕೊಗನೊಳ್ಳಿಗೆ ಹೋಗುವ ಹೆದ್ದಾರಿ ಬಿಟ್ಟು ಒಳಗಿತ್ತು. ಅಲ್ಲಿ ಒಂದೇ ಅಂಗಳದಲ್ಲಿ ಎರಡು ಸಾಲಿ. ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ, ನಡುವೆ ಒಂದು ಬೇವಿನ ಮರ. ಮರದ ಕೊಂಬೆಗೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದರು. ಎರಡೂ ಸಾಲಿಗೆ ಅದೇ ಗಂಟೆ. ಆ ವರ್ಷ ಗಡಿಯ ಗದ್ದಲ ಜೋರಾಗಿ, ಊರ ಹೆಸರಿನ ಬೋರ್ಡಿಗೆ ಒಂದು ವಾರ ಇವರು ಡಾಂಬರು ಬಳಿದರೆ ಮುಂದಿನ ವಾರ ಅವರು ಬಳಿಯುತ್ತಿದ್ದರು. ಆದರೂ ಕನ್ನಡ ಸಾಲಿಯ ಹೆಡ್‌ಮಾಸ್ತರ ವಿರುಪಾಕ್ಷಪ್ಪನವರೂ ಮರಾಠಿ ಸಾಲಿಯ ಬಾಪುಸಾಹೇಬ ಗುರುಜಿಯವರೂ ದಿನಾ ಒಂದೇ ಕಿಟಲಿಯ ಚಹಾ ಹಂಚಿಕೊಂಡು, ಚಹಾ ಮುಗಿಯುವವರೆಗೂ ಜಗಳಾಡುತ್ತಿದ್ದರು.

ಜಿನಮತಿಯ ನಾಕನೆಯ ತರಗತಿಯಲ್ಲಿ ಹೊಳೆವ್ವ ಎಂಬ ಹುಡುಗಿ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದಳು. ಅದೇ ತರಗತಿಯಲ್ಲಿ ಆಕೆಯದು ಎರಡನೆಯ ವರ್ಷ. ತಲೆ ಬಿಗಿದು ಹೆಣೆದು, ಪಾಟಿ ತೊಡೆಯ ಮೇಲಿಟ್ಟುಕೊಂಡು, ಮಕ್ಕಳೆಲ್ಲ ಅಕ್ಕೋರು ಎಂದು ಕರೆಯುತ್ತಿದ್ದ ಜಿನಮತಿಯ ಮುಖದಿಂದ ಕಣ್ಣು ಕೀಳದೆ ಕೂಡುವಳು. ಎಲ್ಲರೂ ಮಗ್ಗಿ ಹೇಳುವಾಗ ಆಕೆಯ ತುಟಿಯೂ ಸರಿಯಾಗಿ ಅಲುಗುತ್ತಿತ್ತು. ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊ ಎಂದರೆ ಅಕ್ಷರ ಮುತ್ತಿನ ಹಾಗೆ. ಆದರೆ ಉಕ್ತಲೇಖನಕ್ಕೆ ಕೂಡಿಸಿದರೆ ಪಕ್ಕದವಳ ಪಾಟಿಯತ್ತ ಒಮ್ಮೆ ನೋಡಿ, ಆಕೆ ಮರೆಮಾಡಿಕೊಂಡರೆ ತನ್ನ ಪಾಟಿಯನ್ನು ಹಾಗೇ ಖಾಲಿ ಬಿಟ್ಟು ಕೂತುಬಿಡುವಳು. ಏನಾದರೂ ಕೇಳಿದರೆ ಬಾಯಲ್ಲಿ ಕಾಳು ಇಟ್ಟುಕೊಂಡವರಂತೆ ಒಂದೆರಡು ಮಾತಾಡುತ್ತಿದ್ದಳು. ಅದರ ತಲೆ ಬುಡ ತಿಳಿಯುತ್ತಿರಲಿಲ್ಲ.

"ಅಕಿ ಮರಾಠಿ ಅದಾಳ್ರಿ ಅಕ್ಕೋರ," ಎಂದರು ವಿರುಪಾಕ್ಷಪ್ಪ. "ಅಕಿ ಅವ್ವ ಕಾಗಲ ಕಡೆಯಾಕಿ. ಕನ್ನಡ ತಿಳಿದಿದ್ರ ಉಕ್ತಲೇಖನ ಬರ್ತಿರಲಿಲ್ಲೇನು? ನೋಡಿ ಬರೆಯೂದು ಯಾವ ಭಾಷಾದ್ದೂ ಬರೀಬಹುದು, ಚಿತ್ರ ತಗದಂಗ. ಇದಕ್ಕಿಂತ ಪುರಾವೆ ಏನು ಬೇಕು?"

ಪಕ್ಕದಲ್ಲಿ ಚಹಾ ಬಸಿಗೆ ಸುರಿದುಕೊಳ್ಳುತ್ತಿದ್ದ ಬಾಪುಸಾಹೇಬರು ತಲೆ ಎತ್ತಿದರು. "ಅಹೋ, ಹಂಗ ಹೇಳಬ್ಯಾಡ್ರಿ. ಮೊದಲ ಎರಡು ವರ್ಷ ನಮ್ಮ ಕಡೆನ ಇದ್ಲು. ತಿಲಾ ಮರಾಠೀ ಯೇತಚ ನಾಹೀ, ಬಾಯಿ. ಒಂದು ಮಾತು ಬರಂಗಿಲ್ಲ. ಪಕ್ಕಾ ಕಾನಡಿ ಹುಡುಗಿ. ಅದಕ್ಕ ನಿಮ್ಮ ಕಡೆ ಕಳಿಸೀವಿ."

"ನಿಮಗ ಬ್ಯಾಡಾದ್ದೆಲ್ಲಾ ಕನ್ನಡ!"

"ನಿಮಗ ತಿಳೀದ್ದೆಲ್ಲಾ ಮರಾಠಿ!"

ಇಬ್ಬರೂ ನಕ್ಕರು. ಜಿನಮತಿಯೂ ನಕ್ಕಳು. ಎರಡು ಭಾಷೆಯ ನಡುವೆ ಸಿಕ್ಕಿಬಿದ್ದ ಕೂಸು ಎಂದು ಆಕೆಗೂ ಅನಿಸಿತು.

ಹೊಳೆವ್ವನ ತಾಯಿ ಕಾಶಿಬಾಯಿ ಇಲ್ಲವಾಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಇದ್ದವರು ಅಪ್ಪ ಮುರಗೆಪ್ಪ, ಅಜ್ಜಿ ಲಕ್ಕವ್ವ. ಲಕ್ಕವ್ವ ನಸುಕಿಗೆದ್ದು ನಿಪ್ಪಾಣಿಯ ತಂಬಾಕು ವಖಾರಿಗೆ ಕೂಲಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಮುರಗೆಪ್ಪ ಇದ್ದ ಒಂದು ತುಂಡು ಹೊಲದಲ್ಲಿ ಕಬ್ಬು ಹಚ್ಚಿ, ಸುಗ್ಗಿ ಬಂತೆಂದರೆ ಎತ್ತಿನ ಗಾಡಿ ಕಟ್ಟಿಕೊಂಡು ರಾಯಬಾಗ ಕಡೆಯ ಕಾರ್ಖಾನೆಗೆ ಕಬ್ಬು ಹೇರಲು ಹೋದರೆ ಉಗಾದಿಗೇ ಮನೆ. ಆ ವರ್ಷ ದೀಪಾವಳಿ ಮುಗಿಸಿ ಹೊರಡುವ ಮುನ್ನ ಸಾಲಿಗೆ ಬಂದ. ತಲೆಯ ಪಟಗ ಬಿಚ್ಚಿ ಕೈಯಲ್ಲಿ ಹಿಡಿದು, ಬಾಗಿಲ ಹೊರಗೇ ನಿಂತ.

"ಒಂದು ಮಾತು ಹೇಳಿ ಹೋಗೂಣಂತ ಬಂದ್ನಿರಿ. ಉಗಾದಿಗಿ ಬಂದಾಗ ಇಕಿನ್ನ ಸಾಲಿ ಬಿಡಸ್ತೀನಿ. ನಮ್ಮವ್ವನ ಜೋಡಿ ವಖಾರಿಗೆ ಹೋಗ್ಲಿ."

"ಯಾಕ್ರಿ?" ಎಂದಳು ಜಿನಮತಿ.

"ಏನ್ ಕಲ್ತಾಳ್ರಿ? ಅಲ್ಲಿ ಎರಡು ವರ್ಷ, ಇಲ್ಲಿ ಇಷ್ಟು ವರ್ಷ. ಮನ್ಯಾಗೂ ಹಂಗ ಅದಾಳ, ಬರೇ ಹಟ. ಮೂರು ಸಲ ಕರದ್ರೂ ಹೊಳ್ಳಿ ನೋಡಂಗಿಲ್ಲ. ಬೆನ್ನಿಗಿ ಎರಡು ಬಿದ್ದ ಮ್ಯಾಲನ ಏಳ್ತಾಳ. ನನಗೂ ಬಡಿಯೂದು ಛಲೋ ಅನಸಂಗಿಲ್ಲರಿ. ವಖಾರಿಯೊಳಗ ಮುಕಾದಮ ಅದಾನ, ಅವನ ಮುಂದ ಹಟ ನಡೆಯಂಗಿಲ್ಲ."

ತಂಬಾಕಿನ ವಖಾರಿ ಎಂದರೆ ಏನೆಂದು ಜಿನಮತಿಗೆ ಗೊತ್ತಿತ್ತು. ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಸಾಲುಗಟ್ಟಿ ನಿಲ್ಲುವ ಹೆಂಗಸರ ರೆಪ್ಪೆಯ ಮೇಲೂ ಆ ಕಂದು ಧೂಳು ಕೂತಿರುತ್ತಿತ್ತು. ಒಮ್ಮೆ ಒಳಗೆ ಹೋದ ಹುಡುಗಿ ಮತ್ತೆ ಪಾಟಿ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ.

"ಉಗಾದಿತನ ನನ್ನ ಕೈಯಾಗ ಬಿಡ್ರಿ," ಎಂದಳು. "ಅಕಿಗೆ ಕನ್ನಡ ಬರೂವಂಗ ಮಾಡ್ತೀನಿ. ಆಗಲಿಲ್ಲಂದ್ರ ನೀವು ಹೇಳಿದಂಗ."

ಮುರಗೆಪ್ಪ ಹೆಡ್‌ಮಾಸ್ತರ ಮುಖ ನೋಡಿ, ಹೂಂ ಎಂದು ಹೋದ.

ಕನ್ನಡ ಬರುವ ಹಾಗೆ ಮಾಡಲು ಜಿನಮತಿಗೆ ಗೊತ್ತಿದ್ದ ದಾರಿ ಒಂದೇ. ಸಾಲಿ ಬಿಟ್ಟ ಮೇಲೆ ಹೊಳೆವ್ವನನ್ನು ಬೇವಿನ ಬುಡದಲ್ಲಿ ಚಾಪೆಯ ಮೇಲೆ ಕೂಡಿಸಿದಳು. ಮೃದುವಾಗಿ ಆಕೆಯ ಎರಡೂ ರೆಪ್ಪೆ ಮುಟ್ಟಿ ಮುಚ್ಚಿಸಿದಳು. ತಾನು ಬೆನ್ನ ಹಿಂದೆ ಕೂತು, ಹೊಳೆಗಳ ಹೆಸರು ಕಟ್ಟಿದ ಹಾಡು ಹೇಳತೊಡಗಿದಳು. ಕೃಷ್ಣೆ, ವೇದಗಂಗೆ, ದೂಧಗಂಗೆ, ಹಿರಣ್ಯಕೇಶಿ. ಹೇಳುತ್ತ ಹೇಳುತ್ತ ಆಕೆಗೆ ಅಪ್ಪನ ದನಿಯೇ ತನ್ನ ಗಂಟಲಿಗೆ ಬಂದಂತಾಗುತ್ತಿತ್ತು. ಹೊಳೆವ್ವ ತಿರುಗಿ ಹೇಳುತ್ತಿರಲಿಲ್ಲ. ಇರಲಿ, ಮೊದಲು ಒಳಗೆ ತುಂಬಲಿ ಎಂದು ಜಿನಮತಿ ತಾಳಿಕೊಂಡಳು. ಹುಡುಗಿ ಎಂಥ ಶಾಂತಿಯಿಂದ ಕೂಡುತ್ತಿದ್ದಳೆಂದರೆ, ಕಾರ್ತಿಕ ಹೋಯಿತು, ಛಳಿ ಬಂತು, ಆಕೆ ಒಂದು ದಿನವೂ ಮಿಸುಕಾಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ. ಮರಾಠಿ ಸಾಲಿ ಅಂದು ತಡವಾಗಿ ಬಿಡುವುದಿತ್ತು. ಹೊಳೆವ್ವ ಕಣ್ಣು ಮುಚ್ಚಿ ಕೂತಿದ್ದಳು, ಜಿನಮತಿ ಹಿಂದೆ ಕೂತು ಹೇಳುತ್ತಿದ್ದಳು. ಆ ಸಾಲಿಯ ಹುಡುಗನೊಬ್ಬ ಓಡಿ ಬಂದವನೇ ಕಬ್ಬಿಣದ ಸಲಾಕೆ ಎತ್ತಿ, ಅವರ ತಲೆಯ ಮೇಲೇ ತೂಗುತ್ತಿದ್ದ ಹಳಿಗೆ ಪೂರ್ತಿ ತಾಕತ್ತು ಹಾಕಿ ಹೊಡೆದ.

ಜಿನಮತಿ ಎರಡೂ ಕಿವಿ ಮುಚ್ಚಿಕೊಂಡಳು. ಆ ಶಬ್ದ ಹಲ್ಲಿನ ಬೇರಿಗೆ ಇಳಿಯಿತು. ಬೇವಿನ ಮೇಲಿನ ಕಾಗೆಗಳೆಲ್ಲ ಒಮ್ಮೆಲೆ ಎದ್ದವು.

ಪಕ್ಕದಿಂದ ಬಾಗಿ ನೋಡಿದಳು. ಹೊಳೆವ್ವನ ರೆಪ್ಪೆಯೂ ಅಲುಗಿರಲಿಲ್ಲ.

ಜಿನಮತಿಗೆ ಮೊದಲು ಬಂದದ್ದು ಭಕ್ತಿ. ಬಸದಿಯ ಕಲ್ಲಿನ ಮೂರ್ತಿ ಹೀಗೇ ಅಲ್ಲವೆ ನಿಂತಿರುವುದು, ಮೈಮೇಲೆ ಬಳ್ಳಿ ಹಬ್ಬಿದರೂ ಅರಿಯದಂತೆ? ಈ ಸಣ್ಣ ಕೂಸಿಗೆ ಎಂಥ ಏಕಾಗ್ರತೆ! ಅಪ್ಪನಿಗೆ ಹೇಳಬೇಕು ಎಂದುಕೊಂಡಳು, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಒಂದು ನೊಣ ಬಂದು ಹೊಳೆವ್ವನ ಮೊಣಕಾಲ ಮೇಲೆ ಕೂತಿತು. ಹೊಳೆವ್ವ ಕಣ್ಣು ಮುಚ್ಚಿಕೊಂಡೇ ತಟ್ಟನೆ ಕೈ ಬೀಸಿ ಅದನ್ನು ಓಡಿಸಿದಳು.

ನೊಣ ಕೂತದ್ದು ತಿಳಿಯಿತು. ಗಂಟೆ ತಿಳಿಯಲಿಲ್ಲ.

ಜಿನಮತಿ ಎದ್ದಳು. ಹುಡುಗನ ಕೈಯಿಂದ ಸಲಾಕೆ ಕಸಿದುಕೊಂಡು ತಾನೇ ಹೊಡೆದಳು. ಹೊಳೆವ್ವ ಹಾಗೇ ಕೂತಿದ್ದಳು. ಮತ್ತೆ ಹೊಡೆದಳು. ಕೈ ಜುಮ್ಮೆಂದಿತು. ಮರಾಠಿ ಸಾಲಿಯ ಹುಡುಗರು ಹೋ ಎಂದು ನಕ್ಕರು. ಕಟ್ಟೆಯ ಮೇಲಿಂದ ವಿರುಪಾಕ್ಷಪ್ಪ ಕೂಗಿದರು, "ಯಾಕ್ರಿ ಅಕ್ಕೋರ, ಅವರ ಸಾಲಿ ನೀವ ಬಿಡಸ್ತೀರೇನು?"

ಆಕೆ ಸಲಾಕೆ ಕೆಳಗಿಟ್ಟು ಹೊಳೆವ್ವನ ಹೆಗಲು ಮುಟ್ಟಿದಳು. ಹುಡುಗಿ ಬೆಚ್ಚಿಬಿದ್ದು, ಎರಡೂ ಕೈ ಬೆನ್ನಿಗೆ ಅಡ್ಡ ಹಿಡಿದುಕೊಂಡು ತಿರುಗಿದಳು. ಅಕ್ಕೋರನ್ನು ಕಂಡು ನಕ್ಕಳು. ನಕ್ಕು, ಎಂದಿನಂತೆ, ಅವರ ಬಾಯಿಯನ್ನೇ ನೋಡತೊಡಗಿದಳು.

ಇಷ್ಟು ತಿಂಗಳು ಆಕೆ ನೋಡುತ್ತಿದ್ದದ್ದು ಮುಖವನ್ನಲ್ಲ, ಬಾಯಿಯನ್ನು.

ಆ ರವಿವಾರ ಜಿನಮತಿ ಬೇಡಕಿಹಾಳಕ್ಕೆ ಹೋದಾಗ ಶ್ರೀಪಾಲಪ್ಪ ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಿದ್ದರು. ಆಕೆಯೂ ಎದುರಿಗೆ ಕೂತಳು.

"ಅಪ್ಪಾ, ಸಮವಸರಣದ ಸಭಾದಾಗ ಜಿನ ಭಗವಂತನ ದನಿ ಎಲ್ಲಾರಿಗೂ ಅವರವರ ಭಾಷಾದಾಗ ತಿಳೀತೈತಿ ಅಂತೀರಿ."

"ಹೌದವಾ. ದೇವತೆಗಳಿಗೆ, ಮನಷ್ಯಾರಿಗೆ, ದನಕ್ಕ, ಹಕ್ಕಿಗೆ. ಒಂದ ದನಿ, ಯಾರಿಗೆ ಹ್ಯಾಂಗ ಬೇಕೋ ಹಂಗ."

"ಕಿವಿನ ಕೇಳದಾವ ಬಂದು ಕುಂತಿದ್ರ?"

ಶ್ರೀಪಾಲಪ್ಪನ ಕೈ ತಾಟಿನ ಮೇಲೆ ನಿಂತಿತು. ಜೀವಮಾನವಿಡೀ ಆ ದನಿಯನ್ನು ಹೊಗಳಿ ಹಾಡಿದವರು. ಇದನ್ನು ಯಾರೂ ಅವರಿಗೆ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. ಜಿನಮತಿ ಹೊಳೆವ್ವನ ಸಂಗತಿ ಹೇಳಿದಳು. ಬೇವಿನ ಬುಡ, ಮುಚ್ಚಿಸಿದ ಕಣ್ಣು, ತಾನು ಕೂತದ್ದು ಎಲ್ಲಿ, ಎಲ್ಲ. ಮುದುಕರು ತಾಟು ಸರಿಸಿದರು.

"ನಾಕೂ ದಿಕ್ಕಿಗೆ ಭಗವಂತನ ಮುಖ ಕಾಣತೈತಿ ಅಂತ ಯಾಕ ಹೇಳ್ಯಾರ?" ಎಂದರು ಕಡೆಗೆ. ಮಗಳಿಗಲ್ಲ, ತಮಗೇ ಹೇಳಿಕೊಂಡಂತೆ. "ದನಿ ಒಂದ ಸಾಕಿದ್ರ ನಾಕು ಮುಖ ಯಾಕ ಬೇಕಿತ್ತು? ಅಲ್ಲಿ ಕುಂತವರಿಗೆ ಯಾರಿಗೂ ಬೆನ್ನ ಕಾಣಬಾರದು ಅಂತ." ತಂಬಿಗೆ ಎತ್ತಿ ಕೈ ತೊಳೆದರು. "ನಾನು ನಿನಗ ಹಿಂದ ಕುಂತು ಕಲಿಸಿದ್ನಲ್ಲ ತಂಗಿ. ನಿನಗ ಕೇಳಸ್ತಿತ್ತು, ಪಾರಾದಿ."

ಮರುದಿನ ಚಹಾದ ಹೊತ್ತಿಗೆ ಜಿನಮತಿ ಇಬ್ಬರು ಮಾಸ್ತರರ ಮುಂದೆ ನಿಂತು, ಹೊಳೆವ್ವನಿಗೆ ಕಿವಿ ಕೇಳಿಸುವುದಿಲ್ಲ ಎಂದಳು.

"ಕಿವುಡಿ?" ವಿರುಪಾಕ್ಷಪ್ಪ ಕನ್ನಡಕ ತೆಗೆದರು. "ಹ್ಯಾಂಗಾಗ್ತಾಳ್ರಿ? ಮಾತಾಡ್ತಾಳಲ್ಲ!"

"ಏನ್ ಮಾತಾಡ್ತಾಳ್ರಿ ಸರ? ಒಂದು ಮಾತರೆ ನಿಮಗ ತಿಳದೈತೇನು?"

"ನನಗ ತಿಳಿಯಾಕ ಅದು ಮರಾಠಿ ಅಲ್ಲೇನ್ರಿ?"

"ಮರಾಠಿ?" ಬಾಪುಸಾಹೇಬರ ಕೈಯಲ್ಲಿ ಬಸಿ ಅರ್ಧಕ್ಕೇ ನಿಂತಿತು. "ಅಹೋ ಗುರುಜಿ, ಎರಡು ವರ್ಷ ನಾವು ಅದು ಕಾನಡಿ ಅಂತ..."

 ಚಹಾ ಬಸಿಯಿಂದ ಜಾರಿ ಧೋತರದ ಮೇಲೆ ಚೆಲ್ಲಿತು, ಅವರು ನೋಡಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. 

"ನೀವು ನಮ್ಮಾಕಿ ಅಲ್ಲ ಅಂದ್ರಿ," ಎಂದರು ವಿರುಪಾಕ್ಷಪ್ಪ ಮೆಲ್ಲಗೆ. "ನಾವೂ ನಮ್ಮಾಕಿ ಅಲ್ಲ ಅಂದ್ವಿ."

ಅಜ್ಜಿ ಲಕ್ಕವ್ವನನ್ನು ಜಿನಮತಿ ಬಸ್‌ಸ್ಟ್ಯಾಂಡಿನಲ್ಲೇ ಹಿಡಿದಳು. ಮುದುಕಿ ಸೆರಗಿನಿಂದ ಧೂಳು ಒರೆಸಿಕೊಂಡು ಕೇಳಿ, ಸುತ್ತಲೂ ನೋಡಿದಳು. "ಸಣ್ಣಾಕಿ ಇದ್ದಾಗ ದಡಾರ ಬಂದು ಕಿವಿ ಸೋರಿದ್ದು ಖರೆ. ಆಮ್ಯಾಲ ನಿಂತು ಹೋತು. ನಿಂತಿತಲ್ಲ ಅಂತ ಬಿಟ್ವಿ. ಸಾವಕಾಶ ಮಾತಾಡ್ರಿ ನಮ್ಮವ್ವಾ, ಕಿವುಡಿ ಅಂತ ಊರಾಗ ಗೊತ್ತಾತಂದ್ರ ನಾಳೆ ಯಾರು ಮಾಡ್ಕೋತಾರ ಅಕಿನ್ನ? ನನ್ನ ಮಗನ ಮುಂದೂ ಹೇಳಬ್ಯಾಡ್ರಿ."

ಮಗ ರಾಯಬಾಗದ ಕಡೆ ಗಾಡಿಯ ಮೇಲಿದ್ದ. ಉಗಾದಿ ಬರುತ್ತಿತ್ತು.

ಜಿನಮತಿ ಖೋಲಿಯೊಳಗಿನ ಸಾಲುಗಳನ್ನು ಮುರಿದಳು. ಎಲ್ಲರನ್ನೂ ಗೋಡೆಗೆ ಬೆನ್ನು ಹಚ್ಚಿ ಸುತ್ತಲೂ ಕೂಡಿಸಿದಳು. ಬೋರ್ಡಿಗೆ ಬರೆಯುವಾಗ ಬಾಯಿ ಮುಚ್ಚಿದಳು. ಬರೆದು, ತಿರುಗಿ, ಹೊಳೆವ್ವನಿಗೆ ಮುಖ ಕೊಟ್ಟು ಮಾತಾಡಿದಳು. ನೀರು ಎಂದು ಬರೆದು ತಂಬಿಗೆ ತೋರಿಸಿ, ಆ ಹುಡುಗಿಯ ಕೈಯನ್ನು ತನ್ನ ಗಂಟಲ ಮೇಲಿಟ್ಟುಕೊಂಡು ನೀರು ಎಂದಳು. ಗಂಟಲು ನಡುಗಿದ್ದು ಬೆರಳಿಗೆ ತಗಲಿದಾಗ ಹೊಳೆವ್ವ ಕೈ ಕಿತ್ತುಕೊಂಡು, ಮತ್ತೆ ತಾನೇ ತಂದಿಟ್ಟಳು. ಅಂದಿನಿಂದ ಆ ಅಂಗಳದಲ್ಲಿ ಹೆಸರಿಲ್ಲದ ವಸ್ತು ಉಳಿಯಲಿಲ್ಲ. ಬೇವು, ಹಳಿ, ಕಾಗೆ, ಕಿಟಲಿ, ಹೆಡ್‌ಮಾಸ್ತರ ಕೊಡೆ, ಎಲ್ಲದರ ಮುಂದೂ ಪಾಟಿ ಹಿಡಿದು ನಿಲ್ಲುವಳು, ಇದಕ್ಕೇನಂತಾರೆ ಎನ್ನುವ ಹಾಗೆ.

"ಒಬ್ಬಾಕಿ ಸಲುವಾಗಿ ಇಡೀ ವರ್ಗ ಹಪ್ಪಳ ಮಾಡಾಕ ಕುಂತಂಗ ಕುಂದರ್ಸೀರಿ," ಎಂದು ವಿರುಪಾಕ್ಷಪ್ಪ ಬಾಗಿಲಲ್ಲಿ ನಿಂತರು. "ಉಳಿದವರ ಗತಿ?"

"ಉಳಿದವರೂ ಈಗ ಕಾಣಾಕತ್ತಾರ್ರಿ ಸರ," ಎಂದಳು ಜಿನಮತಿ. ಅದು ನಿಜವಿತ್ತು. ಪಾರಿಸನೆಂಬ ಹುಡುಗ ಎಲ್ಲರಿಗಿಂತ ಜೋರಾಗಿ ಪದ್ಯ ಹೇಳುವವನು, ವರ್ಗದ ದನಿಯನ್ನು ಎಳೆದುಕೊಂಡು ಹೋಗುತ್ತಿದ್ದವನು. ಆತ ಪುಸ್ತಕ ತಲೆಕೆಳಗಾಗಿ ಹಿಡಿದಿದ್ದ. ಅಕ್ಷರಗಳು ಅವನ ಕಣ್ಣಿಗೆ ಇರುವೆಯ ಹಾಗೆ ಹರಿದಾಡುತ್ತಿದ್ದವಂತೆ. ಪಾಠವೆಲ್ಲ ಕಿವಿಯಲ್ಲೇ ಇದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ಇನ್ನೊಬ್ಬಳಿಗೆ ಬೋರ್ಡು ಕಾಣುತ್ತಲೇ ಇರಲಿಲ್ಲ. ಜಿನಮತಿಗೆ ರಾತ್ರಿ ಕಣ್ಣು ಮುಚ್ಚಿದರೆ ತನ್ನ ಖೋಲಿಯಿಂದ ಏಳುತ್ತಿದ್ದ ಆ ಚಂದದ ದನಿ ಕೇಳಿ ಭಯವಾಗುತ್ತಿತ್ತು. ಅದರ ಒಳಗೆ ಇನ್ನೂ ಯಾರು ಯಾರು ಅಡಗಿ ಕೂತಿದ್ದರೋ.

ಪಾರಿಸನನ್ನು ಹೊಳೆವ್ವನ ಎದುರು ಕೂಡಿಸಿದಳು. ಅವನು ಆಕೆಗೆ ಮುಖ ಕೊಟ್ಟು ನಿಧಾನ ಹೇಳಬೇಕು, ಆಕೆ ಬರೆಯಬೇಕು. ಆಕೆ ಬರೆದ ಅಕ್ಷರದ ಮೇಲೆ ಅವನು ಬೆರಳಾಡಿಸಿ ಮಣ್ಣಿನಲ್ಲಿ ತಿದ್ದಬೇಕು.

"ಬಾಯಿ ಎಷ್ಟ ಅಗಲ ಮಾಡಲಿ ಅಕ್ಕೋರ? ದವಡಿ ನೋಯಾಕತ್ತು," ಎಂದು ಅವನು ಗೊಣಗಿದ.

"ಊಟಕ್ಕ ಮಾಡ್ತೀಯಲ್ಲ, ಅಷ್ಟ ಮಾಡು."

ವರ್ಗವೆಲ್ಲ ನಕ್ಕಿತು. ಪಾರಿಸನ ಮುಖ ನೋಡಿ ಹೊಳೆವ್ವನೂ ನಕ್ಕಳು. ಈ ಸಲ ಆಕೆಗೆ ಯಾಕೆ ನಗುತ್ತಿದ್ದಾರೆಂದು ತಿಳಿದಿತ್ತು.

ಉಗಾದಿಗೆ ಕೆಲವೇ ದಿನ ಇದ್ದಾಗ ಜಿನಮತಿ ಆಕೆಯನ್ನು ಬೇವಿನ ಬುಡಕ್ಕೆ ಕರೆದುಕೊಂಡು ಹೋದಳು. ಎದುರಿಗೆ ಕೂತು, ಮಾತಿನಲ್ಲಿ ಅರ್ಧ, ಪಾಟಿಯಲ್ಲಿ ಅರ್ಧ ಕೇಳಿದಳು: ನಾನು ಹಿಂದೆ ಕೂಡುತ್ತಿದ್ದಾಗ ನೀನು ಏನು ಮಾಡುತ್ತಿದ್ದಿ?

ಹೊಳೆವ್ವನ ಮಾತು ಈಗ ಸ್ವಲ್ಪ ಬಿಡಿಸಿಕೊಂಡು ಬರುತ್ತಿತ್ತು. "ಸುಮ್ಮ ಕುಂತಿದ್ನಿ," ಎಂದಳು. ಅಕ್ಕೋರ ಕಡೆ ಬೆರಳು ಮಾಡಿದಳು. "ನೀವೂ ಸುಮ್ಮ ಕುಂತಿದ್ರಿ."

ಜಿನಮತಿ ಪಾಟಿ ಎತ್ತಿಕೊಂಡಳು. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ತಾನು ಹೇಳಿದ ಕೃಷ್ಣೆ, ವೇದಗಂಗೆ, ದೂಧಗಂಗೆ! ಹುಡುಗಿ ಅದನ್ನು ಇಬ್ಬರೂ ಕೂಡಿ ಮಾಡುವ ಮೌನವೆಂದು ತಿಳಿದು, ಅಕ್ಕೋರಿಗೆ ಬೇಸರವಾಗದಿರಲೆಂದು ಮಿಸುಕದೆ ಕೂತಿದ್ದಳು. ಪಾಟಿಯ ಮೇಲೆ ಜಿನಮತಿ ನಿಧಾನ ಬರೆದಳು: ನಾನು ಹಾಡುತ್ತಿದ್ದೆ.

ಹೊಳೆವ್ವ ಓದಿದಳು. ನಂಬದವಳಂತೆ ಎದ್ದು, ಜಿನಮತಿಯ ಬೆನ್ನ ಹಿಂದೆ ಹೋಗಿ ನಿಂತು ನೋಡಿ ಬಂದಳು. ಮುಖದ ತುಂಬ ಗಾಬರಿ ಇತ್ತು. "ಬೆನ್ನ ಮಾಡಿದ ಮ್ಯಾಲೂ," ಎಂದಳು, ಒಂದೊಂದೇ ಮಾತು ಹುಡುಕಿ, "ಮಂದಿ ಮಾತಾಡ್ತಾರ?"

ಹೌದು ಎಂದು ಜಿನಮತಿ ತಲೆಯಾಡಿಸಿದಳು.

"ಎಲ್ಲಾರೂ?"

ಹೌದು.

ಹೊಳೆವ್ವ ಅಂಗಳದ ತುಂಬ ಕಣ್ಣಾಡಿಸಿದಳು. ನೀರು ಸೇದುವವರು, ಗಾಡಿ ಹೊಡೆಯುವವರು, ಕಟ್ಟೆಯ ಮೇಲೆ ಆಕಡೆ ಮುಖ ಮಾಡಿ ಕೂತ ಇಬ್ಬರು ಮಾಸ್ತರರು. ಎಲ್ಲರ ಬೆನ್ನನ್ನೂ ಒಂದೊಂದಾಗಿ ನೋಡಿದಳು.

ಉಗಾದಿ ಪಾಡ್ಯದ ಮರುದಿನ ಮುರಗೆಪ್ಪ ಬಂದ. ಸುಗ್ಗಿಯ ಬಿಸಿಲಿಗೆ ಕರಿಕಾಗಿದ್ದ. ಕೈಯಲ್ಲಿ ಸಣ್ಣದೊಂದು ಬುತ್ತಿಯ ಗಂಟಿತ್ತು. ಅಂದೇ ವಖಾರಿಗೆ ಕರೆದೊಯ್ಯಬೇಕಾದವಳಿಗೆಂದು ಸಂತೆಯಲ್ಲಿ ಹೊಸ ಅರಿವೆ ಕೊಂಡು ಅದರಲ್ಲಿ ರೊಟ್ಟಿ ಕಟ್ಟಿಸಿದ್ದು. ಹೊಳೆವ್ವ ಬೇವಿನ ಬುಡದಲ್ಲಿ ಅವನಿಗೆ ಬೆನ್ನು ಮಾಡಿ ಕೂತು ಪಾರಿಸನ ಮಣ್ಣಿನಕ್ಷರ ತಿದ್ದುತ್ತಿದ್ದಳು. ಇಬ್ಬರು ಮಾಸ್ತರರೂ ಕಟ್ಟೆಯಿಂದ ಇಳಿದು ಬಂದರು.

"ಕರೀರಿ ಅಕಿನ್ನ," ಎಂದಳು ಜಿನಮತಿ.

"ಹೊಳೆವ್ವಾ."

ಅವಳು ತಿದ್ದುತ್ತಲೇ ಇದ್ದಳು.

"ನೋಡ್ರಿ, ನಾ ಹೇಳಿದ್ನಿಲ್ಲ? ಏ ಹೊಳೆವ್ವಾ!" ಎರಡು ಹೆಜ್ಜೆ ಮುಂದೆ ಹೋದ. "ಲೇ ಹೊಳೆವ್ವಾ! ಕರ್ಯಾಕತ್ತೀನಿ, ಕೇಳಸಂಗಿಲ್ಲೇನಬೇ ನಿನಗ?"

"ಇಲ್ರಿ," ಎಂದಳು ಜಿನಮತಿ.

"ಆಂ?"

"ಅಕಿಗೆ ಕೇಳಸಂಗಿಲ್ಲ. ದಡಾರ ಬಂದಾಗಿಂದ ಕೇಳಸಂಗಿಲ್ಲ. ಹಟ ಅಲ್ರಿ ಅದು."

ಅಭ್ಯಾಸದಿಂದ ಎತ್ತಿದ್ದ ಮುರಗೆಪ್ಪನ ಬಲಗೈ ಮಗಳ ಬೆನ್ನಿನ ಹತ್ತಿರ ಗಾಳಿಯಲ್ಲಿ ಹಾಗೇ ನಿಂತಿತು. ಅವನು ಜಿನಮತಿಯ ಕಡೆ ನೋಡಿದ, ವಿರುಪಾಕ್ಷಪ್ಪನ ಕಡೆ ನೋಡಿದ. ವಿರುಪಾಕ್ಷಪ್ಪ ತಲೆ ತಗ್ಗಿಸಿ, ಸಲಾಕೆ ಎತ್ತಿ ಹಳಿಗೆ ಒಂದು ಏಟು ಹಾಕಿದರು. ಮುರಗೆಪ್ಪ ಹಾರಿಬಿದ್ದ. ಕಾಗೆಗಳು ಎದ್ದವು. ಹೊಳೆವ್ವ ಬೆರಳು ಎತ್ತದೆ ಒಂದು ಕೊಂಬು ಪೂರ್ತಿ ಬರೆದು ಮುಗಿಸಿದಳು.

ಎದುರಿಗಿದ್ದ ಪಾರಿಸ ಮೇಲೆ ನೋಡಿದ್ದನ್ನು ಕಂಡು ಆಕೆ ಹಿಂದೆ ತಿರುಗಿದಳು. ಎತ್ತಿದ ಕೈ ಕಂಡಿತು. ಸದ್ದಿಲ್ಲದೆ ಬೆನ್ನು ಬಾಗಿಸಿ, ಕಣ್ಣು ಮುಚ್ಚಿದಳು.

"ಏ, ಇಲ್ಲಬೇ. ಇಲ್ಲ." ಮುರಗೆಪ್ಪ ಕೈಯನ್ನು ಮೈಗೆ ಒರೆಸಿಕೊಂಡ, ಅದಕ್ಕೇನೋ ಮೆತ್ತಿದ್ದಂತೆ. ಬುತ್ತಿಯ ಗಂಟು ಕೆಳಗೆ ಬಿತ್ತು. "ಅಕ್ಕೋರ, ನಾ ಕರದಿದ್ನಿರಿ. ದೇವರಾಣಿ, ಪ್ರತಿ ಸಲ ಕರದ ಬಡದೀನಿ. ಕರೀದ ಎಂದೂ ಬಡದಿಲ್ಲ."

"ಅಕಿಗೆ ಹೇಳ್ರಿ," ಎಂದಳು ಜಿನಮತಿ. "ಮುಂದ ಕುಂತು ಹೇಳ್ರಿ. ಸಾವಕಾಶ."

ಅವನು ಸುತ್ತು ಹಾಕಿ ಬಂದು ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತ. ಜಿನಮತಿ ಹ್ಯಾಗೆ ಮಾಡಿ ತೋರಿಸಿದಳೋ ಹಾಗೇ ಮಗಳ ಗದ್ದ ಮುಟ್ಟಿ ಕಣ್ಣು ತೆರೆಸಿದ. ಅವನ ತುಟಿ ನಡುಗುತ್ತಿತ್ತು. ಹೊಳೆವ್ವ ಅದನ್ನೇ ನೋಡಿದಳು. ನಡುಗುವ ತುಟಿ ಓದಲು ಬರಲಿಲ್ಲ, ಹುಬ್ಬು ಗಂಟಿಕ್ಕಿದಳು. ಅವನು ಬಾಯಿ ಒರೆಸಿಕೊಂಡು ಮತ್ತೆ ಹೇಳಿದ.

"ನಾ, ನಿನ್ನ, ಕರದಿದ್ನಿ. ಬಡಿಯೂಕಿಂತ ಮದಲ. ಹೆಸರ ಹಿಡದು ಕರದಿದ್ನಿ."

ಮೂರನೆಯ ಸಲ ಹೇಳಿದಾಗ ಆಕೆ ಅದನ್ನು ಅವನ ತುಟಿಯ ಮೇಲೆ ಓದಿದಳು. ಅಪ್ಪನೆಂದರೆ ಹಿಂದಿನಿಂದ ಒಂದೂ ಮಾತಿಲ್ಲದೆ ಬರುವ ಏಟು ಎಂದು ತಿಳಿದಿದ್ದವಳು ಅವನ ಮುಖವನ್ನು ಹಣೆಯಿಂದ ಗದ್ದದವರೆಗೆ ನೋಡಿದಳು. ಆಮೇಲೆ ಕೇಳಿದಳು, ಅನುಮಾನವೇ ಇಲ್ಲದ, ತಿಳಿದುಕೊಳ್ಳುವ ದನಿಯಲ್ಲಿ:

"ಯಾವಾಗ?"

 ಬಾಪುಸಾಹೇಬರು ಆಕಡೆ ತಿರುಗಿ ಧೋತರದ ಚುಂಗಿನಿಂದ ಕಣ್ಣೊತ್ತಿಕೊಂಡರು.  ಮುರಗೆಪ್ಪ ಏನೇನೋ ಹೇಳಲು ಹೋಗಿ, ಮಣ್ಣು ಹಿಡಿದು, ಬಿಟ್ಟು, ಕಡೆಗೆ ಮಗಳ ಮುಖದ ಮಟ್ಟಕ್ಕೆ ತನ್ನ ಮುಖ ಇಳಿಸಿದ.

"ಈಗ," ಎಂದ. ಬಾಯಿ ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ. "ಈಗ ಕರ್ಯಾಕತ್ತೀನಿ. ಹೊ, ಳೆ, ವ್ವ."

ಹೊಳೆವ್ವ ತನ್ನ ಮಣ್ಣಾದ ಕೈಯನ್ನು ಚಾಚಿ ಅವನ ಗಂಟಲ ಮೇಲಿಟ್ಟಳು. ಮತ್ತೊಮ್ಮೆ ಹೇಳು ಎಂಬಂತೆ ಗದ್ದ ಎತ್ತಿದಳು. ಅವನು ಹೇಳಿದ. ಬೆರಳ ಕೆಳಗೆ ತನ್ನ ಹೆಸರು ನಡುಗಿದಾಗ ಆಕೆ ಬೆಚ್ಚಿದಳು, ಆದರೆ ಕೈ ತೆಗೆಯಲಿಲ್ಲ.

"ಮಿರಜದಾಗ ಕಿವಿ ನೋಡೂ ಡಾಕ್ಟರು ಅದಾರ," ಎಂದಳು ಜಿನಮತಿ. "ಏನಾಗ್ತೈತೋ ಗೊತ್ತಿಲ್ಲ. ತೋರಸ್ರಿ."

"ತೋರಸ್ತೀನ್ರಿ." ಅವನು ಮಗಳ ಮುಖದಿಂದ ಕಣ್ಣು ತೆಗೆಯದೆ ಹೇಳಿದ. "ವಖಾರಿ ಮಾತು ಬಿಡ್ರಿ."

ಬಿದ್ದಿದ್ದ ಬುತ್ತಿಯ ಗಂಟನ್ನು ಪಾರಿಸ ಎತ್ತಿ ತಂದುಕೊಟ್ಟ. ಮುರಗೆಪ್ಪ ಅದನ್ನು ಬಿಚ್ಚಿ, ರೊಟ್ಟಿಯನ್ನು ಹುಡುಗರ ನಡುವೆ ಇಟ್ಟು, ಹೊರಡಲು ಎದ್ದ. ಅಂಗಳದ ಬಾಗಿಲವರೆಗೆ ಹೋದವನು ಮಗಳಿಗೆ ಏನೋ ಹೇಳಲು ಅಲ್ಲಿಂದಲೇ ಬಾಯಿ ತೆಗೆದ. ತೆಗೆದವನು ನಿಂತ. ಅಷ್ಟು ದೂರವನ್ನೂ ಮರಳಿ ನಡೆದು ಬಂದು, ಬೇವಿನ ಮರ ಸುತ್ತಿ, ಆಕೆಯ ಎದುರಿಗೆ ಕೂತು ಹೇಳಿದ.